ಕಳೆದುಕೊಂಡವರು ಬರೆದ ನಕ್ಷೆ

ನಮ್ಮ ಕಾಲಿನ ಹೆಬ್ಬೆರಳ ತುದಿಯಲ್ಲಿ ಒಂದು ಜೀವಕೋಶದ ಎಳೆ ಬಂದು ಮುಗಿಯುತ್ತದೆ. ಆ ಕೋಶದ ಒಡಲು ಇರುವುದು ಬೆರಳ ಹತ್ತಿರವಲ್ಲ, ಸೊಂಟದ ಮಟ್ಟದಲ್ಲಿ, ಬೆನ್ನೆಲುಬಿನ ಸಂದಿನಲ್ಲಿ. ಅಲ್ಲಿಂದ ಒಂದು ಎಳೆ ತೊಡೆಯ ಹಿಂಬದಿ, ಮೀನಖಂಡ, ಹಿಮ್ಮಡಿ ದಾಟಿ ಬೆರಳಿಗೆ ಇಳಿಯುತ್ತದೆ. ಇನ್ನೊಂದು ಎಳೆ ಮಿದುಳುಬಳ್ಳಿಯನ್ನು ಹೊಕ್ಕು, ಬೆನ್ನುದ್ದಕ್ಕೂ ಏರಿ, ತಲೆಬುರುಡೆಯ ತಳವನ್ನು ಮುಟ್ಟುತ್ತದೆ. ಎರಡು ಎಳೆಯೂ ಸೇರಿ ಒಂದೇ ಕೋಶ. ವಯಸ್ಕರಲ್ಲಿ ಅದರ ಉದ್ದ ಸುಮಾರು ಒಂದೂವರೆ ಮೀಟರ್. ಜೀವಕೋಶವೆಂದರೆ ಬರಿಗಣ್ಣಿಗೆ ಕಾಣದ ಕಣ ಎಂದು ಶಾಲೆಯಲ್ಲಿ ಓದಿದವನಿಗೆ, ನನ್ನೊಳಗೇ ಹೆಗಲೆತ್ತರದ ಕೋಶಗಳಿವೆ ಎಂದು ಮೊದಲು ತಿಳಿದಾಗ ಆದ ಬೆರಗು ಇನ್ನೂ ಇಳಿದಿಲ್ಲ.

ಆ ಕೋಶದ ಕೆಲಸ ಬಹಳ ಸಾಧಾರಣ. ಬೆರಳು ಏನನ್ನು ಮುಟ್ಟಿತು, ಹೇಗೆ ಮಡಿಸಿಕೊಂಡಿದೆ, ಎತ್ತ ತಿರುಗಿದೆ ಎಂದು ಮೇಲಕ್ಕೆ ತಿಳಿಸುವುದು. ನಡುರಾತ್ರಿ ದೀಪ ಹಾಕದೆ ಎದ್ದು ಹೊಸ್ತಿಲು ದಾಟುವಾಗ ಕಾಲು ಎಲ್ಲಿದೆ ಎಂದು ನಾವು ನೋಡುವುದಿಲ್ಲ. ನೋಡದೆ ಗೊತ್ತಿರುತ್ತದೆ. ಈ ಗೊತ್ತಿರುವಿಕೆಗೆ ಐದು ಇಂದ್ರಿಯಗಳ ಪಟ್ಟಿಯಲ್ಲಿ ಜಾಗವೇ ಇಲ್ಲ. ಇಡೀ ಬದುಕು ನಿಂತಿರುವುದು ಅದರ ಮೇಲೆ, ಆದರೂ ಅದು ಇದೆಯೆಂಬ ನೆನಪು ನಮಗೆ ಬರುವುದಿಲ್ಲ.

ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಎಂಬ ಮಾಂಸದಂಗಡಿಯ ಯುವಕನಿಗೆ ಅದು ಇತ್ತೆಂದು ತಿಳಿದದ್ದು 1971ರಲ್ಲಿ, ಅದು ಹೋದ ಮೇಲೆ. ಆಗ ಅವನಿಗೆ ಹತ್ತೊಂಬತ್ತು. ಜ್ವರದಂಥ ಒಂದು ಕಾಯಿಲೆಯ ಬೆನ್ನಿಗೆ ಕುತ್ತಿಗೆಯ ಕೆಳಗಿನ ಈ ಸಂವೇದನೆಯ ನರಗಳೆಲ್ಲ ನಾಶವಾದವು. ಸ್ನಾಯುಗಳಿಗೆ ಏನೂ ಆಗಿರಲಿಲ್ಲ. ನೋವು ತಿಳಿಯುತ್ತಿತ್ತು, ಬಿಸಿ ತಣ್ಣಗೆ ತಿಳಿಯುತ್ತಿತ್ತು. ಕೈಕಾಲು ಎಲ್ಲಿವೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಎತ್ತಬೇಕೆಂದರೆ ಕೈ ಏಳುತ್ತಿತ್ತು, ಆದರೆ ಎತ್ತಲೋ ಹೋಗುತ್ತಿತ್ತು. ವರ್ಷಕ್ಕೂ ಮಿಕ್ಕಿದ ಸಾಧನೆಯಿಂದ ಅವನು ಕಣ್ಣನ್ನೇ ಆ ಕೆಲಸಕ್ಕೆ ಹಚ್ಚಿದ. ಕಾಲನ್ನು ನೋಡುತ್ತ, ಪ್ರತಿ ಹೆಜ್ಜೆಯನ್ನೂ ಯೋಚಿಸುತ್ತ ನಡೆಯಲು ಕಲಿತ. ದೀಪ ಆರಿದರೆ ಕುಸಿದುಬೀಳುತ್ತಿದ್ದ. ನಾವು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವುದರಲ್ಲಿ ಎಷ್ಟೊಂದು ಕೆಲಸ ಅಡಗಿದೆಯೆಂದು ಲೋಕಕ್ಕೆ ಬಿಡಿಸಿ ತೋರಿಸಿದವನು ಅವನು.

ಮಿದುಳಿನ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಬರುವ ಯೋಚನೆ ಇದೇ. ಇದು ಮಾತಿನ ಜಾಗ, ಇದು ನೆನಪಿನ ಜಾಗ, ಇದು ಉಸಿರಿನದು ಎಂದು ಬಣ್ಣ ಬಳಿದು ಹೆಸರು ಬರೆದ ಆ ಪಟ ಎಷ್ಟು ನಿರಾಳವಾಗಿ ಗೋಡೆಯ ಮೇಲೆ ತೂಗುತ್ತಿರುತ್ತದೆ! ಅದರ ಒಂದೊಂದು ಹೆಸರಿನ ಹಿಂದೆಯೂ ಆ ಜಾಗವನ್ನು ಕಳೆದುಕೊಂಡ ಯಾರೋ ಇದ್ದಾರೆ. ಮಿದುಳು ಕೆಲಸ ಮಾಡುವಾಗ ಹೊರಗೆ ಏನೂ ಕಾಣುವುದಿಲ್ಲ. ಹೃದಯದಂತೆ ಬಡಿದುಕೊಳ್ಳುವುದಿಲ್ಲ, ಕರುಳಿನಂತೆ ಸದ್ದು ಮಾಡುವುದಿಲ್ಲ. ಹಾಗಾಗಿ ಶತಮಾನಗಳ ಕಾಲ ಅದರ ಕೆಲಸ ತಿಳಿಯಲು ಇದ್ದ ದಾರಿ ಬಹುಪಾಲು ಒಂದೇ: ಒಂದು ಭಾಗ ಸುಮ್ಮನಾದಾಗ ಮನುಷ್ಯನಿಂದ ಏನು ಹೋಯಿತು ಎಂದು ನೋಡುವುದು.

ಮಿದುಳುಬಳ್ಳಿಯನ್ನೇ ನೋಡಿ. ಬೆನ್ನುಹುರಿ ಎಂದೂ ಕರೆಯುತ್ತೇವೆ. ಉದ್ದ ಸುಮಾರು 45 ಸೆಂಟಿಮೀಟರ್, ದಪ್ಪ ಕಿರುಬೆರಳಿನಷ್ಟು. ಅದರ ಎರಡೂ ಬದಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿ ನರಕ್ಕೂ ಎರಡು ಬೇರು, ಹಿಂದೊಂದು, ಮುಂದೊಂದು. ಹಿಂದಿನ ಬೇರಿನಿಂದ ಸುದ್ದಿ ಒಳಗೆ ಬರುತ್ತದೆ, ಮುಂದಿನ ಬೇರಿನಿಂದ ಆಜ್ಞೆ ಹೊರಗೆ ಹೋಗುತ್ತದೆ. 1822ರಲ್ಲಿ ಫ್ರಾನ್ಸಿನ ಮಜೆಂಡಿ ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ. ಆ ನಾಯಿಮರಿಗಳನ್ನು ನೆನೆದರೆ ಸಂಕಟವಾಗುತ್ತದೆ. ಅರವಳಿಕೆ ಇಲ್ಲದ ಕಾಲ ಅದು.

ಆದರೆ ಇದೇ ಪಾಠವನ್ನು ನಮ್ಮ ತಲೆಮಾರಿನವರು ಪುಸ್ತಕವಿಲ್ಲದೆ ಕಂಡಿದ್ದೇವೆ. ಆಗ ಯಾವ ಊರಿನ ಶಾಲೆಗೆ ಹೋದರೂ ಒಂದು ಕೈಯನ್ನು ತೊಡೆಗೆ ಒತ್ತಿ ಹಿಡಿದು, ಮಂಡಿ ಮಡಚದಂತೆ ನೋಡಿಕೊಳ್ಳುತ್ತ ನಡೆಯುವ ಹುಡುಗನೋ ಹುಡುಗಿಯೋ ಇರುತ್ತಿದ್ದರು. ಪೋಲಿಯೊ. ಆ ವೈರಸ್ಸು ಬಾಯಿಂದ ಹೊಟ್ಟೆಗೆ, ಹೊಟ್ಟೆಯಿಂದ ರಕ್ತಕ್ಕೆ ಹೋಗಿ, ಕೆಲವೇ ಮಕ್ಕಳಲ್ಲಿ ಮಿದುಳುಬಳ್ಳಿಯನ್ನು ತಲುಪಿ, ಅಲ್ಲಿನ ಮುಂಭಾಗದ ಕೋಶಗಳನ್ನು, ಸ್ನಾಯುಗಳಿಗೆ ಆಜ್ಞೆ ಕಳಿಸುವ ಕೋಶಗಳನ್ನು ಕೊಲ್ಲುತ್ತದೆ. ಹಿಂಭಾಗದ ದಾರಿಯನ್ನು ಮುಟ್ಟುವುದಿಲ್ಲ. ಆ ಹುಡುಗನ ಸೊರಗಿದ ಕಾಲಿನ ಮೇಲೆ ಇರುವೆ ಹರಿದರೆ ಅವನಿಗೆ ಪೂರ್ತಿ ತಿಳಿಯುತ್ತಿತ್ತು. ಕಾಲನ್ನು ಕೊಡವಲು ಮಾತ್ರ ಆಗುತ್ತಿರಲಿಲ್ಲ. ಒಳಬರುವ ದಾರಿ ಬೇರೆ, ಹೊರಹೋಗುವ ದಾರಿ ಬೇರೆ ಎಂಬ ಶರೀರಶಾಸ್ತ್ರದ ಸತ್ಯ ಪ್ರತಿ ತರಗತಿಯಲ್ಲೂ ನಮ್ಮ ಪಕ್ಕದ ಬೆಂಚಿನಲ್ಲಿ ಕೂತಿತ್ತು. ಭಾರತದಲ್ಲಿ ಸಹಜ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಇಂದಿನ ಮಕ್ಕಳಿಗೆ ಆ ನಡಿಗೆ ಗೊತ್ತಿಲ್ಲ. ಅವರ ಬಾಯಿಗೆ ಬಿದ್ದ ಲಸಿಕೆಯ ಎರಡು ಹನಿ ಕಾಪಾಡಿದ್ದು ಬೆನ್ನೊಳಗಿನ ಬೆರಳುದಪ್ಪದ ಬಳ್ಳಿಯ ಅರ್ಧವನ್ನು ಎಂದು ಯೋಚಿಸಿದರೆ ಮನಸ್ಸು ತುಂಬಿ ಬರುತ್ತದೆ.

ಮಿದುಳುಬಳ್ಳಿ ಬರೀ ದಾರಿಯಲ್ಲ. ಅದಕ್ಕೆ ತನ್ನದೇ ತಿಳಿವಳಿಕೆ ಇದೆ. ಬಿಸಿ ಬಾಣಲೆ ತಾಗಿದ ಕೈಯನ್ನು ಹಿಂದೆ ಸೆಳೆಯುವ ತೀರ್ಮಾನ ಅಲ್ಲೇ ಆಗುತ್ತದೆ, ಸುಟ್ಟಿತು ಎಂದು ನಮಗೆ ಗೊತ್ತಾಗುವ ಮೊದಲೇ. ಇಷ್ಟನ್ನು ಎಲ್ಲರೂ ಓದಿರುತ್ತೇವೆ. ನನಗೆ ಹೆಚ್ಚು ಅಚ್ಚರಿ ತಂದದ್ದು ನಡಿಗೆಯ ವಿಷಯ. 1911ರಲ್ಲಿ ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ, ಮಿದುಳಿನ ಸಂಪರ್ಕವೂ ಕಾಲಿನ ಸಂವೇದನೆಯೂ ಇಲ್ಲದ ಬೆಕ್ಕಿನ ಮಿದುಳುಬಳ್ಳಿ ತನ್ನಷ್ಟಕ್ಕೇ ಹೆಜ್ಜೆಯ ಲಯವನ್ನು ಹುಟ್ಟಿಸಬಲ್ಲದು ಎಂದು ತೋರಿಸಿದ. ಒಂದು ಕಾಲು ಮಡಿಸು, ಇನ್ನೊಂದು ಚಾಚು ಎಂಬ ಸರದಿ ಬಳ್ಳಿಯಲ್ಲೇ ಬರೆದಿದೆ. ಹುಟ್ಟಿದ ಮಗುವನ್ನು ಕಂಕುಳಲ್ಲಿ ಹಿಡಿದೆತ್ತಿ ಪಾದಗಳನ್ನು ಹಾಸಿಗೆಗೆ ತಾಗಿಸಿದರೆ ಅದು ಒಂದರ ಹಿಂದೊಂದು ಕಾಲು ಎತ್ತಿಡುತ್ತದೆ. ಮನೆಯ ಹಿರಿಯರು ಹಿಗ್ಗುತ್ತಾರೆ. ತಿಂಗಳೆರಡು ಕಳೆಯುವಷ್ಟರಲ್ಲಿ ಆ ಹೆಜ್ಜೆ ಮರೆಯಾಗುತ್ತದೆ. ಆಮೇಲೆ ಮಗು ತೊಟ್ಟಿಲು, ಅಂಬೆಗಾಲು, ಗೋಡೆ ಹಿಡಿದು ನಿಲ್ಲುವುದು ಎಲ್ಲ ದಾಟಿ ನಡೆಯಲು ಕಲಿಯುತ್ತದೆ. ಕಲಿಯುವ ಮೊದಲೇ ಕಲಿತದ್ದೊಂದು ಅದರ ಬೆನ್ನಲ್ಲಿತ್ತು.

ಈ ಬಳ್ಳಿ ತುಂಡಾದರೆ ಏನಾಗುತ್ತದೆ ಎಂದು ಈಜಿಪ್ಟಿನ ವೈದ್ಯರೊಬ್ಬರು ಬರೆದಿಟ್ಟಿದ್ದಾರೆ. ಎಡ್ವಿನ್ ಸ್ಮಿತ್ ಪಪೈರಸ್ ಎಂದು ಹೆಸರಾದ ಆ ಸುರುಳಿ ಸುಮಾರು ಕ್ರಿಸ್ತಪೂರ್ವ 1600ರದು. ಕತ್ತಿನ ಮೂಳೆ ಜಾರಿದವನಿಗೆ ತನ್ನ ಕೈಕಾಲುಗಳ ಅರಿವಿಲ್ಲ, ಮೂತ್ರ ತಾನಾಗಿ ಸೋರುತ್ತದೆ ಎಂದು ಅಚ್ಚುಕಟ್ಟಾಗಿ ವಿವರಿಸಿ, ಇದು ಚಿಕಿತ್ಸೆಗೆ ನಿಲುಕದ್ದು ಎಂದು ಮುಗಿಸುತ್ತಾರೆ. ಆ ತೀರ್ಪು ಸಾವಿರಾರು ವರ್ಷ ಹಾಗೇ ಉಳಿಯಿತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಲುಡ್ವಿಗ್ ಗಟ್‌ಮನ್ ಎಂಬ ನಿರಾಶ್ರಿತ ವೈದ್ಯ ಬೆನ್ನುಹುರಿ ಮುರಿದ ಸೈನಿಕರನ್ನು ಮಗ್ಗುಲು ಬದಲಿಸಿ, ಹುಣ್ಣಾಗದಂತೆ, ಸೋಂಕು ತಗಲದಂತೆ ನೋಡಿಕೊಂಡು ಬದುಕಿಸತೊಡಗಿದ. 1948ರಲ್ಲಿ ಅವರಿಗಾಗಿ ಬಿಲ್ಲುಗಾರಿಕೆಯ ಪಂದ್ಯ ಏರ್ಪಡಿಸಿದ. ಅದೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ತುಂಡಾದ ಬಳ್ಳಿ ಕೂಡಲಿಲ್ಲ, ನಿಜ. ಆದರೆ ಬದುಕು ಅದರ ಮೇಲಿನ ಭಾಗದಿಂದ ಮತ್ತೆ ಚಿಗುರಿತು.

ಬಳ್ಳಿ ಮೇಲೇರಿ ತಲೆಯೊಳಗೆ ಹೊಕ್ಕಲ್ಲಿ ಮಿದುಳಿನ ಕಾಂಡವಿದೆ. ಅದರ ಕೆಳತುದಿ ಮೆಡುಲ್ಲಾ. ಬಲಗೈಗೆ ಹೋಗುವ ಆಜ್ಞೆ ಎಡ ಮಿದುಳಿನಿಂದ, ಎಡಗೈಯದು ಬಲದಿಂದ ಬಂದು, ಬಹುಪಾಲು ಎಳೆಗಳು ಇಲ್ಲೇ ಒಂದನ್ನೊಂದು ದಾಟುತ್ತವೆ. ಲಕ್ವ ಹೊಡೆದವರ ಬಲಗೈ ಬಿದ್ದರೆ ಅದರ ಜೊತೆಗೇ ಅನೇಕ ಸಲ ಮಾತೂ ಹೋಗುವುದೇಕೆ ಎಂದರೆ, ಬಲಗೈಯನ್ನು ಆಡಿಸುವುದೂ ನಮ್ಮಲ್ಲಿ ಹೆಚ್ಚಿನವರ ಮಾತನ್ನು ಕಟ್ಟುವುದೂ ಎಡಭಾಗದಲ್ಲೇ ಇರುವುದರಿಂದ. ಮೆಡುಲ್ಲಾದಲ್ಲೇ ಉಸಿರಿನ ಲಯವೂ ಇದೆ. ನಿದ್ದೆಯಲ್ಲಿ ನಾವು ಉಸಿರಾಡುತ್ತೇವೆ ಎಂಬುದು ಎಷ್ಟು ದೊಡ್ಡ ಮಾತು ಎಂದು ಕೆಲವು ಮಕ್ಕಳ ತಾಯಂದಿರಿಗೆ ಗೊತ್ತು. ಅಪರೂಪದ ಒಂದು ಹುಟ್ಟುದೋಷದಲ್ಲಿ ಈ ಕೇಂದ್ರ ರಕ್ತದಲ್ಲಿ ಏರುವ ಇಂಗಾಲಾಮ್ಲಕ್ಕೆ ಓಗೊಡುವುದಿಲ್ಲ. ಆ ಮಕ್ಕಳು ಎಚ್ಚರವಿದ್ದಾಗ ಆಡುತ್ತಾರೆ, ಓದುತ್ತಾರೆ. ನಿದ್ದೆಗೆ ಜಾರಿದರೆ ಉಸಿರಾಟ ಕುಗ್ಗಿಬಿಡುತ್ತದೆ. ಪ್ರತಿ ರಾತ್ರಿ ಯಂತ್ರವೊಂದು ಅವರಿಗಾಗಿ ಉಸಿರು ತುಂಬಬೇಕು.

ಮೆಡುಲ್ಲಾದ ಮೇಲಿರುವುದು ಪಾನ್ಸ್. 1995ರ ಡಿಸೆಂಬರಿನಲ್ಲಿ ಫ್ರೆಂಚ್ ಪತ್ರಿಕೆಯೊಂದರ ಸಂಪಾದಕ ಜಾನ್ ಡೊಮಿನಿಕ್ ಬೊಬಿಗೆ ಮಿದುಳಿನ ಕಾಂಡದಲ್ಲಿ ಆಘಾತವಾಯಿತು. ಪ್ರಜ್ಞೆ ಬಂದಾಗ ಬುದ್ಧಿ, ನೆನಪು, ಆಸೆ ಎಲ್ಲ ಇದ್ದವು, ದೇಹ ಮಾತ್ರ ಮಿಸುಕಲಿಲ್ಲ. ಮೇಲಿನಿಂದ ಇಳಿಯುವ ಆಜ್ಞೆಗಳ ದಾರಿ ಪಾನ್ಸ್‌ನಲ್ಲಿ ಮುಚ್ಚಿಹೋಗಿತ್ತು. ಆದರೆ ಕಣ್ಣನ್ನು ಮೇಲೆ ಕೆಳಗೆ ಆಡಿಸುವ, ರೆಪ್ಪೆ ಎತ್ತುವ ಆಜ್ಞೆಗಳು ಹೊರಡುವುದು ಅದಕ್ಕೂ ಮೇಲಿನ ಮಧ್ಯಮಿದುಳಿನಿಂದ. ಬೆರಳಗಲದ ಆ ಅಂತರ ಅವನ ಪಾಲಿಗೆ ಉಳಿದ ಬಾಗಿಲು. ಒಬ್ಬರು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಬೇಕಾದ ಅಕ್ಷರ ಬಂದಾಗ ಅವನು ಎಡಗಣ್ಣು ಮಿಟುಕಿಸಿದ. ಹಾಗೆ ಒಂದು ಪುಸ್ತಕ ಬರೆದ. 1997ರಲ್ಲಿ ಅದು ಪ್ರಕಟವಾಯಿತು, ಅದರ ಬೆನ್ನಿಗೇ ಅವನು ತೀರಿಕೊಂಡ. ಪಾನ್ಸ್ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ಪುಸ್ತಕದತ್ತ ಕೈ ತೋರಿಸುತ್ತೇನೆ.

ಕಾಂಡದ ಮುಂದೆ, ಮಿದುಳಿನ ತಳದಲ್ಲಿ, ಹೈಪೊಥಲಾಮಸ್ ಇದೆ. ಕೆಲವೇ ಗ್ರಾಂ ತೂಗುವ ಇದು ಹಸಿವು, ಬಾಯಾರಿಕೆ, ಮೈಶಾಖ, ಹಗಲಿರುಳಿನ ಲೆಕ್ಕ ಇವನ್ನೆಲ್ಲ ನೋಡಿಕೊಳ್ಳುತ್ತದೆ. ಇಲ್ಲಿ ಒಂದು ಕನ್ನಡನಾಡಿನ ಸಂಗತಿ ಹೇಳಲೇಬೇಕು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಅಪಸ್ಮಾರ ಜಗತ್ತಿನಲ್ಲಿ ಅತಿ ಹೆಚ್ಚು ವರದಿಯಾದ ಪ್ರದೇಶಗಳಲ್ಲಿ ನಮ್ಮ ದಕ್ಷಿಣ ಕರ್ನಾಟಕವೂ ಒಂದು. ಅಭ್ಯಂಜನದ ದಿನ, ಹಂಡೆಯಿಂದ ಮೊಗೆದ ಬಿಸಿನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುವಾಗ ಮಗು ಇದ್ದಕ್ಕಿದ್ದಂತೆ ಮಂಕಾಗುತ್ತದೆ, ಅರ್ಥವಿಲ್ಲದ ಮಾತಾಡುತ್ತದೆ, ಕೆಲವೊಮ್ಮೆ ಸೆಟೆದುಕೊಳ್ಳುತ್ತದೆ. ಮನೆಯವರು ಗಾಳಿಯೋ ಗ್ರಹವೋ ಎಂದು ಹೆದರುತ್ತಿದ್ದರು. ಬೆಂಗಳೂರಿನ ನರತಜ್ಞ ಕೆ. ಎಸ್. ಮಣಿ ಅರವತ್ತರ ದಶಕದಲ್ಲೇ ಇಂಥವರನ್ನು ಗುರುತಿಸಿ ದಾಖಲಿಸಿದರು. ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮುಂದೆ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಈ ಮಕ್ಕಳಲ್ಲಿ ಶಾಖವನ್ನು ಸಂಭಾಳಿಸುವ ವ್ಯವಸ್ಥೆಯೇ ಹುಟ್ಟಿನಿಂದ ಸೂಕ್ಷ್ಮವಾಗಿರಬಹುದು ಎಂಬುದು ತಜ್ಞರ ಊಹೆ. ಅನೇಕರಿಗೆ ಪರಿಹಾರ ಸರಳ: ಉಗುರುಬೆಚ್ಚಗಿನ ನೀರು, ಅದೂ ತಲೆಗೆ ನೇರವಾಗಿ ಸುರಿಯದೆ. ಕೆಲವರಿಗೆ ಸ್ನಾನಕ್ಕೆ ಮೊದಲು ಮಾತ್ರೆ. ನಮ್ಮ ಬಚ್ಚಲುಮನೆಯ ಒಂದು ಹಿತವಾದ ರೂಢಿ ಮಿದುಳಿನ ಒಳಗುಟ್ಟಿಗೆ ಕಿಂಡಿ ತೆರೆದದ್ದು ನೋಡಿದರೆ, ತಿಳಿವಳಿಕೆ ಎಲ್ಲಿಂದ ಬರುತ್ತದೆಂದು ಮೊದಲೇ ಹೇಳಲಾಗದು ಅನಿಸುತ್ತದೆ.

ಹಿಂಬದಿಯಲ್ಲಿ ಅನುಮಸ್ತಿಷ್ಕವಿದೆ. ಅದರ ಬಗ್ಗೆ ಒಂದೇ ಮಾತು. ಮನುಷ್ಯನ ಮಿದುಳಿನ ಸುಮಾರು 86 ಬಿಲಿಯನ್ ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು ಇರುವುದು ಇಲ್ಲೇ, ತೂಕದಲ್ಲಿ ಮಾತ್ರ ಅದು ಹತ್ತನೇ ಒಂದು ಪಾಲು. ಯಕ್ಷಗಾನದ ವೇಷಧಾರಿ ಗಿರಕಿ ತಿರುಗಿ ತಾಳಕ್ಕೆ ಸರಿಯಾಗಿ ಕಾಲೂರುವುದರ ಹಿಂದೆ ಇದರ ದುಡಿಮೆ ಇದೆ. ನಾವು ಬುದ್ಧಿ ಎಂದು ಹೊಗಳುವ ಯಾವುದಕ್ಕೂ ಪ್ರಕೃತಿ ಇಷ್ಟು ಕೋಶಗಳನ್ನು ಕೊಟ್ಟಿಲ್ಲ.

ಇನ್ನು ಮಹಾಮಸ್ತಿಷ್ಕ. ಎಲ್ಲರೂ ಮಿದುಳು ಎಂದಾಗ ನೆನೆಯುವ ಸುಕ್ಕುಸುಕ್ಕಾದ ಆ ದೊಡ್ಡ ಭಾಗ. ಪ್ಯಾರಿಸ್ಸಿನ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ಇಪ್ಪತ್ತು ವರ್ಷ ಕಾಲ ಏನು ಕೇಳಿದರೂ ಟಾನ್ ಟಾನ್ ಎನ್ನುತ್ತಿದ್ದ. ಇತರರ ಮಾತು ಅವನಿಗೆ ತಿಳಿಯುತ್ತಿತ್ತು. ಸಿಟ್ಟು ಬಂದರೆ ಒಂದು ಬೈಗುಳ ಪೂರ್ತಿಯಾಗಿ ಹೊರಬರುತ್ತಿತ್ತು. 1861ರಲ್ಲಿ ಅವನು ಸತ್ತಾಗ ಪಾಲ್ ಬ್ರೋಕಾ ಅವನ ಮಿದುಳನ್ನು ನೋಡಿ, ಎಡ ಹಣೆಯ ಹಿಂದಿನ ಜಾಗ ಹಾಳಾದುದನ್ನು ಕಂಡ. ಆ ಜಾಗಕ್ಕೆ ಇಂದು ಬ್ರೋಕಾನ ಹೆಸರಿದೆ. ಲೆಬೋರ್ನ್‌ನ ಹೆಸರಿಡಬೇಕಿತ್ತು ಎಂದು ನನ್ನ ಅಭಿಪ್ರಾಯ. ಕಂಡುಹಿಡಿದವನಿಗಿಂತ ಕಳೆದುಕೊಂಡವನ ಪಾಲು ಅದರಲ್ಲಿ ದೊಡ್ಡದು.

ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೀಗೆ ಮಾತು ಕಳೆದುಕೊಂಡವರು ದೂರದೂರದಿಂದ ಬರುತ್ತಾರೆ. ಇಂಥವರಲ್ಲಿ ಕಾಣುವ ಒಂದು ಸಂಗತಿ ಎಷ್ಟು ಓದಿದರೂ ನನಗೆ ಹಳತಾಗುವುದಿಲ್ಲ. ಒಂದು ಲೋಟ ನೀರು ಬೇಕೆಂದು ಹೇಳಲು ಹೆಣಗಾಡುವವರು, ಯಾರಾದರೂ ದಾಸರ ಪದವೊಂದನ್ನು ಎತ್ತಿಕೊಟ್ಟರೆ ಸಾಲಿಗೆ ಸಾಲು ಹಾಡಿಬಿಡಬಹುದು. ಸೋಮವಾರ, ಮಂಗಳವಾರ ಎಂದು ಶುರುಮಾಡಿದರೆ ಭಾನುವಾರದವರೆಗೆ ಹೋಗಬಹುದು. ಹೊಸದಾಗಿ ಕಟ್ಟುವ ಮಾತು ಒಂದು, ಬಾಲ್ಯದಿಂದ ಮೈಗೂಡಿದ ಹಾಡು ಇನ್ನೊಂದು. ಎಡಭಾಗ ಕುಸಿದಾಗಲೂ ಹಾಡಿಗೆ ಆಸರೆ ಬೇರೆಡೆ ಉಳಿದಿರುತ್ತದೆ. ಹಾಡನ್ನೇ ಮೆಟ್ಟಿಲು ಮಾಡಿಕೊಂಡು ಮಾತಿಗೆ ಮರಳಿಸುವ ಚಿಕಿತ್ಸೆಯೂ ಇದೆ.

ಈ ಸಾಲನ್ನು ಓದುತ್ತಿರುವ ನಿಮ್ಮಲ್ಲಿ ಈಗ ಏನು ನಡೆಯುತ್ತಿದೆ? ಅಕ್ಷರದ ಬೆಳಕು ತಂದ ಸುದ್ದಿ ಕಣ್ಣಿನಿಂದ ಹೊರಟು ತಲೆಯ ಹಿಂಬದಿಗೆ ಹೋಗಿ, ಅಲ್ಲಿಂದ ಎಡಗಡೆ ಕೆಳಭಾಗದ ಒಂದು ಜಾಗಕ್ಕೆ ಬರುತ್ತದೆ. ಓದು ಬಂದವರಲ್ಲಿ ಮಾತ್ರ ಆ ಜಾಗ ಅಕ್ಷರಕ್ಕೆ ಮೀಸಲಾಗಿದೆ. ಬರವಣಿಗೆ ಹುಟ್ಟಿ ಸುಮಾರು ಐದು ಸಾವಿರ ವರ್ಷ, ಮಿದುಳು ತನಗಾಗಿ ಓದಿನ ಅಂಗ ಬೆಳೆಸಿಕೊಳ್ಳಲು ಇದು ಬಹಳ ಕಡಿಮೆ ಕಾಲ. ಹಾಗಾಗಿ ಬೇರೆ ಆಕಾರಗಳನ್ನು ಗುರುತಿಸಲು ಇದ್ದ ಜಾಗವೊಂದನ್ನು ಪ್ರತಿ ಮಗುವೂ ಹೊಸದಾಗಿ ಅಕ್ಷರಕ್ಕೆ ಒಪ್ಪಿಸುತ್ತದೆ. ‘ಸ್ತ್ರೀ’ ಎಂಬ ಒಂದಕ್ಷರದಲ್ಲಿ ಮೇಲಿನ ಗುಡಿಸು, ಬಲದ ದೀರ್ಘ, ಕೆಳಗಿನ ಎರಡು ಒತ್ತು ಎಲ್ಲವನ್ನೂ ಕೂಡಿಸಿ ಒಂದೇ ಉಸಿರಿನ ಸದ್ದಾಗಿಸುವುದನ್ನು ಒಂದನೇ ತರಗತಿಯ ಮಗು ಅಳುತ್ತಲೋ ನಗುತ್ತಲೋ ಕಲಿಯುವಾಗ, ಆ ಪುಟ್ಟ ತಲೆಯೊಳಗೆ ಒಂದು ಭಾಗದ ಕೆಲಸವೇ ಬದಲಾಗುತ್ತಿರುತ್ತದೆ. ಒಂದನೇ ತರಗತಿಯ ಮೇಷ್ಟರು, ಮೇಡಂಗಳ ಮೇಲೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ.

ನೆನಪಿನ ಜಾಗವನ್ನು ತೋರಿಸಿಕೊಟ್ಟವನು ಅಮೆರಿಕದ ಹೆನ್ರಿ ಮೊಲೈಸನ್. 1953ರಲ್ಲಿ, ತೀವ್ರ ಅಪಸ್ಮಾರ ನಿಲ್ಲಲೆಂದು, ಅವನ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಎಂಬ ಜಾಗದ ಹೆಚ್ಚಿನ ಭಾಗವನ್ನು ತೆಗೆದರು. ಅಪಸ್ಮಾರ ಕಡಿಮೆಯಾಯಿತು. ಅಂದಿನಿಂದ ಹೊಸ ನೆನಪು ನಿಲ್ಲದಾಯಿತು. ಐದು ದಶಕಕ್ಕೂ ಹೆಚ್ಚು ಕಾಲ ಅವನು ವಿಜ್ಞಾನಿಗಳ ಪರೀಕ್ಷೆಗಳಿಗೆ ತಾಳ್ಮೆಯಿಂದ ಕೂತ. ಬ್ರೆಂಡಾ ಮಿಲ್ನರ್ ಎಂಬಾಕೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರ ಬಿಡಿಸುವ ಪರೀಕ್ಷೆ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು, ಆದರೆ ಪ್ರತಿ ದಿನವೂ ಅವನಿಗೆ ಅದು ಹೊಸ ಕೆಲಸ. ಕೈಗೆ ಬರುವ ಕಲಿಕೆಯೂ ಮನಸ್ಸಿಗೆ ಬರುವ ನೆನಪೂ ಬೇರೆ ಬೇರೆ ಎಂದು ಗೊತ್ತಾದದ್ದು ಹಾಗೆ. ತನ್ನಿಂದ ಇತರರಿಗೆ ಉಪಯೋಗವಾಗಲಿ ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದನಂತೆ. 2008ರಲ್ಲಿ ತೀರಿಕೊಂಡ. ದಾನವಾಗಿ ಬಂದ ಅವನ ಮಿದುಳನ್ನು ಮರುವರ್ಷ 2,401 ತೆಳು ಪದರಗಳಾಗಿ ಕತ್ತರಿಸಿ ಕಾಪಾಡಿಟ್ಟರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮಿದುಳಿನ ಸಂಗ್ರಹಾಲಯವಿದೆ, ಡಾ. ಎಸ್. ಕೆ. ಶಂಕರ್ ಅವರ ಮುಂದಾಳ್ತನದಲ್ಲಿ ಬೆಳೆದ ಮಿದುಳು ಬ್ಯಾಂಕ್ ಇದೆ. ಸಂಗ್ರಹಾಲಯಕ್ಕೆ ಹೋದವರು ನಿಜವಾದ ಮಿದುಳನ್ನು ಮುಟ್ಟಿ ನೋಡಬಹುದು. ಜೀವವಿದ್ದಾಗ ಬೆಣ್ಣೆಯಷ್ಟು ಮೆತ್ತಗಿರುವ ಅದು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿರುತ್ತದೆ. ಜೀವಂತ ತಲೆಯಲ್ಲಿ ಅದು ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಸುಮಾರು 1,400 ಗ್ರಾಂ ತೂಕದ ಮಿದುಳು ಆ ತೇಲಿಕೆಯಲ್ಲಿ 50 ಗ್ರಾಂನಷ್ಟೇ ಭಾರವಾಗುತ್ತದೆ. ಕೈಯಲ್ಲಿ ಹಿಡಿದಾಗ ಮಾತ್ರ ಅದರ ಪೂರ್ತಿ ತೂಕ ತಿಳಿಯುವುದು. ಅಲ್ಲಿನ ಒಂದೊಂದು ಮಿದುಳಿನ ಹಿಂದೆಯೂ, ಸಾವಾದ ಕೆಲವೇ ಗಂಟೆಗಳೊಳಗೆ, ಅಳು ನಿಲ್ಲುವ ಮೊದಲೇ ಒಪ್ಪಿಗೆ ಕೊಟ್ಟ ಒಂದು ಮನೆ ಇದೆ. ಪಾರ್ಕಿನ್ಸನ್, ಮರೆವಿನ ಕಾಯಿಲೆ, ಮಿದುಳಿನ ಸೋಂಕುಗಳ ಬಗ್ಗೆ ಇಲ್ಲಿ ಆಗುವ ಸಂಶೋಧನೆಗೆ ಆ ಮನೆಗಳು ಕೊಟ್ಟದ್ದೇ ಬಂಡವಾಳ. ಕಾಯಿಲೆಯ ಮಿದುಳನ್ನು ಅರಿಯಲು ಹೋಲಿಕೆಗೆ ಕಾಯಿಲೆಯಿಲ್ಲದ ಮಿದುಳೂ ಬೇಕು.

ನನ್ನದನ್ನು ಅಲ್ಲಿಗೆ ಕೊಡಬೇಕೆಂದು ಮನೆಯಲ್ಲಿ ಹೇಳಿದ್ದೇನೆ. ಮಗಳು ಕೂಡಲೇ ಒಪ್ಪಿದಳು, ಯಾವ ಸಂಖ್ಯೆಗೆ ಫೋನ್ ಮಾಡಬೇಕೆಂದು ಬರೆದಿಟ್ಟುಕೊಂಡಳು. ಹೆಂಡತಿ ಯೋಚಿಸಲು ಸಮಯ ಕೇಳಿದ್ದಾಳೆ. ಆ ಹೊತ್ತಿನಲ್ಲಿ ನಿಂತು ಹೌದು ಎನ್ನಬೇಕಾದವಳು ಅವಳು, ನಾನಲ್ಲ. ಹಾಗಾಗಿ ಅವಳು ಎಷ್ಟು ಬೇಕಾದರೂ ಸಮಯ ತೆಗೆದುಕೊಳ್ಳಲಿ.